ಹನ್ನೊಂದು ಮಕ್ಕಳ ಆಯಾ

ಆ ವರ್ಷದ ಆಗಸ್ಟಿನಲ್ಲಿ ಕಂಪನಿಯವರು ತೊರಾಜಿಗೆ ಹೊಸ ಅಂಗಿ ಕೊಟ್ಟರು. ತಿಳಿನೀಲಿ ಬಣ್ಣದ್ದು. ಇಸ್ತ್ರಿ ಹಾಕಿದ್ದು. ಎದೆಯ ಮೇಲೆ ಉರಾಮೊತೊ ಅಂತ ಅವನ ಮನೆತನದ ಹೆಸರನ್ನು ದಾರದಲ್ಲಿ ಹೊಲಿಸಿದ್ದರು. ಹದಿನೇಳು ವರ್ಷ ಆ ಅಣು ಸ್ಥಾವರದ ಹೊಟ್ಟೆಯೊಳಗೆ ಹೊಕ್ಕು ದುಡಿದವನು ಅವನು. ಅವನಿಗೂ ಒಂದು ಹೆಸರಿದೆ ಅಂತ ಅಷ್ಟು ವರ್ಷ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ‘ಏಯ್ ಕುಂಟ’ ಅಂದರೆ ಅವನು ತಿರುಗುತ್ತಿದ್ದ. ಅಷ್ಟೆ.

ಈಗ ನೋಡಿದರೆ ‘ಉರಾಮೊತೊ-ಸಾನ್’ ಅಂತೆ. ಕೂತ್ಕೊಳ್ಳಿ ಅಂತೆ. ಚಹಾ ತಗೊಳ್ಳಿ ಅಂತೆ. ಹೀಗೆ ಮರ್ಯಾದೆ ಕೊಟ್ಟವನು ಮಿನೆಗಿಶಿ. ಕಂಪನಿಯ ಪ್ರಚಾರದ ಕೆಲಸ ನೋಡಿಕೊಳ್ಳುವ ಅಧಿಕಾರಿ, ಮೂವತ್ತು ದಾಟದ ಹುಡುಗ. ಅವನ ಉಗುರ ಸಂದಿಯಲ್ಲಿ ಒಂದು ಚೂರು ಕೊಳೆ ಇರಲಿಲ್ಲ.

“ಭಾಷಣ ಏನೂ ಬೇಡ ಉರಾಮೊತೊ-ಸಾನ್. ಸುಮ್ನೆ ನಿಂತು ಇದ್ದಿದ್ದನ್ನ ಹೇಳಿ. ಹದಿನೇಳು ವರ್ಷ ಒಳಗಡೆ ಕೆಲಸ ಮಾಡ್ದೆ, ನಂಗೆ ಏನೂ ಆಗಿಲ್ಲ, ನೋಡಿ ಹೆಂಗಿದೀನಿ ಅಂತ. ಸಾಕು.”

“ಅಷ್ಟೇನಾ?”

“ಅಷ್ಟೇ. ಅದು ನಿಜ ತಾನೆ? ಸುಳ್ಳು ಹೇಳಿ ಅಂತ ನಾವ್ಯಾಕೆ ಹೇಳ್ತೀವಿ?”

ನಿಜವೇ. ಅರವತ್ತೊಂದು ವರ್ಷದ ತೊರಾಜಿಗೆ ಎಡಗಾಲು ಬಿಟ್ಟರೆ ಎಲ್ಲ ನೆಟ್ಟಗಿತ್ತು. ಹಲ್ಲು ಇದ್ದವು. ಕೂದಲು ಇತ್ತು. ಎರಡು ಬಟ್ಟಲು ಅನ್ನ ಉಣ್ಣುತ್ತಿದ್ದ. ಅವನ ಜೊತೆ ಕೆಲಸ ಮಾಡಿದವರಲ್ಲಿ ಹಾಗಿದ್ದವನು ಅವನೊಬ್ಬನೇ. ಯಾಕೆ ಹಾಗೆ ಅಂತ ಕಂಪನಿಯವರು ಕೇಳಲಿಲ್ಲ. ಕೇಳುವುದು ಅವರಿಗೆ ಬೇಕಾಗಿಯೂ ಇರಲಿಲ್ಲ.

ಚೆರ್ನೊಬಿಲ್ ಸಿಡಿದು ಎರಡು ವರ್ಷವಾಗಿತ್ತು. ಜಪಾನಿನ ಆ ಕಡಲಂಚಿನ ಹಳ್ಳಿಗಳ ಹೆಂಗಸರು ಮೀನು ಕೊಳ್ಳುವಾಗ ಎಲ್ಲಿ ಹಿಡಿದದ್ದು ಅಂತ ಕೇಳಲು ಶುರು ಮಾಡಿದ್ದರು. ನಾಲ್ಕನೇ ಸ್ಥಾವರ ಕಟ್ಟಬಾರದು ಅಂತ ಮನೆಮನೆಗೆ ಹೋಗಿ ರುಜು ಹಾಕಿಸುತ್ತಿದ್ದರು. ಕಂಪನಿಯ ಕಣ್ಣು ಕೆಂಪಾಯಿತು. ಹೆಂಗಸರನ್ನು ಬಸ್ಸಿನಲ್ಲಿ ಕರೆತಂದು, ಪ್ರದರ್ಶನ ಮಂದಿರ ತೋರಿಸಿ, ಊಟದ ಡಬ್ಬಿ ಕೊಟ್ಟು, ಕೈಗೊಂದು ಸೋಪಿನ ಪೊಟ್ಟಣ ಇಟ್ಟು ಕಳಿಸುವ ಯೋಜನೆ ಹಾಕಿತು. ವಿಜ್ಞಾನಿಗಳನ್ನು ನಿಲ್ಲಿಸಿ ನೋಡಿದ್ದಾಯಿತು, ಹೆಂಗಸರು ಆಕಳಿಸಿದರು. ಆಮೇಲೆ ಯಾರಿಗೋ ಹೊಳೆಯಿತು: ಕೂಲಿಯವನನ್ನೇ ನಿಲ್ಲಿಸೋಣ. ಗಟ್ಟಿಮುಟ್ಟಾದ ಮುದುಕನೊಬ್ಬ ಸಿಗಲಿ.

ಹುಡುಕಿ ತೆಗೆದುಕೊಟ್ಟವನು ಮೇಸ್ತ್ರಿ ಒನಿಝುಕಾ.

ಈ ಒನಿಝುಕಾನೇ ತೊರಾಜಿಯನ್ನು ಇಲ್ಲಿಗೆ ತಂದವನು. ತೊರಾಜಿ ಹುಟ್ಟಿದ್ದು ಕ್ಯೂಶೂ ದ್ವೀಪದ ಕಲ್ಲಿದ್ದಲಿನ ಸೀಮೆಯಲ್ಲಿ, ಹೊಳೆಯಾಚೆಗಿನ ಚರ್ಮ ಹದ ಮಾಡುವವರ ಕೇರಿಯಲ್ಲಿ. ಆ ಕೇರಿಯ ಹೆಸರೆತ್ತಿದರೆ ಹೆಣ್ಣು ಕೊಡುತ್ತಿರಲಿಲ್ಲ, ಬಾಡಿಗೆಗೆ ಮನೆ ಕೊಡುತ್ತಿರಲಿಲ್ಲ. ಗಣಿಯೊಳಕ್ಕೆ ಮಾತ್ರ ಇಳಿಸುತ್ತಿದ್ದರು. ಗಣಿಯಲ್ಲಿ ಕಲ್ಲಿದ್ದಲ ಬಂಡಿ ಉರುಳಿ ಎಡಗಾಲು ಊನವಾಯಿತು. ಆಮೇಲೆ ಗಣಿಯೇ ಮುಚ್ಚಿತು. ಆಗ ಒನಿಝುಕಾ ಬಂದು, “ಬಾರೋ, ನೀನು ಎಲ್ಲಿಂದ ಬಂದೆ ಅಂತ ಅಲ್ಲಿ ಯಾರೂ ಕೇಳಲ್ಲ” ಅಂದಿದ್ದ. ಯಾರೂ ಕೇಳಲಿಲ್ಲ, ನಿಜ. ಅವರಿಗೆ ಬೇಕಾಗಿದ್ದದ್ದು ಎರಡು ಕೈ ಮತ್ತು ಒಂದು ಮೈ.

ಸ್ಥಾವರವನ್ನು ವರ್ಷಕ್ಕೊಂದು ಸಲ ನಿಲ್ಲಿಸಿ ತೊಳೆಯಬೇಕು. ತೊಳೆಯುವವರು ಯಾರು? ಓದಿದವರು ಒಳಗೆ ಹೋಗುವುದಿಲ್ಲ, ಗಾಜಿನ ಕೋಣೆಯಲ್ಲಿ ಕೂತು ಗುಂಡಿ ಒತ್ತುತ್ತಾರೆ. ಕಂಪನಿಯ ಕೆಳಗೆ ಒಬ್ಬ ಗುತ್ತಿಗೆದಾರ, ಅವನ ಕೆಳಗೆ ಇನ್ನೊಬ್ಬ, ಅವನ ಕೆಳಗೆ ಮತ್ತೊಬ್ಬ. ಏಳನೆಯ ಮೆಟ್ಟಿಲಲ್ಲಿ ಒನಿಝುಕಾ. ಅವನ ಕಾಲಡಿಯಲ್ಲಿ ಇವರು. ಗಣಿ ಕಳೆದುಕೊಂಡವರು, ಹೊಲ ಕಳೆದುಕೊಂಡವರು, ಕಡಲು ಕಳೆದುಕೊಂಡವರು. ಒಂದರ ಮೇಲೊಂದು ಮೂರು ಕೈಗವಸು, ಮಣಿಕಟ್ಟಿಗೆ ಅಂಟುಪಟ್ಟಿ, ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು, ಮುಖಕ್ಕೆ ಮುಖವಾಡ. ಒಳಗೆ ಕುದಿವ ಸೆಕೆ. ಉಸಿರಾಡಿದರೆ ಮುಖವಾಡದ ಗಾಜಿಗೆ ಮಂಜು ಕಟ್ಟಿ ಎದುರಿನ ಬೋಲ್ಟು ಕಾಣುತ್ತಿರಲಿಲ್ಲ. ಕಾಣದೆ ಏನು ತಿರುಗಿಸುತ್ತೀಯ? ಮುಖವಾಡ ಎತ್ತುತ್ತಿದ್ದರು. ಎತ್ತಿದರೆ ಆ ಗಾಳಿ ಬಾಯಿಗೆ ಹೋಗುತ್ತಿತ್ತು. ಕೊಳವೆಯಿಂದ ಸೋರಿದ ನೀರನ್ನು ಚಿಂದಿ ಬಟ್ಟೆಯಲ್ಲಿ ಒರೆಸಿ ಬಕೆಟ್ಟಿಗೆ ಹಿಂಡುತ್ತಿದ್ದರು. ಜಗತ್ತಿನ ಅತಿ ದೊಡ್ಡ ವಿಜ್ಞಾನ ಅಂತೆ. ಕೊನೆಗೆ ಅದನ್ನು ಚಿಂದಿಯಲ್ಲೇ ಒರೆಸಬೇಕು.

ಪ್ರತಿಯೊಬ್ಬನ ಎದೆಗೂ ಒಂದು ಮೀಟರ್ ಕಟ್ಟುತ್ತಿದ್ದರು. ಆ ದಿನಕ್ಕೆ ಇಷ್ಟು ವಿಕಿರಣ ಅಂತ ಮಿತಿ ಇತ್ತು. ಮಿತಿ ಮುಟ್ಟಿದರೆ ಮೀಟರ್ ಕಿರ್ರೋ ಅಂತ ಅಳುತ್ತಿತ್ತು. ಅತ್ತರೆ ಕೆಲಸ ಬಿಟ್ಟು ಹೊರಗೆ ಬರಲೇಬೇಕು, ಅದು ಕಾನೂನು. ಆದರೆ ಕೆಲವು ಜಾಗಗಳಲ್ಲಿ ನಾಲ್ಕು ನಿಮಿಷಕ್ಕೇ ಅಳುತ್ತಿತ್ತು. ಕೆಲಸ ಇದ್ದದ್ದು ಹದಿನೈದು ನಿಮಿಷದ್ದು. ಅಳುವ ಮೀಟರನ್ನು ಮೇಲಿನವರೂ ಬಯ್ಯುವಂತಿಲ್ಲ, ಕಾನೂನಲ್ಲವೇ? ಅದಕ್ಕೇ ಒನಿಝುಕಾ ಒಂದು ದಾರಿ ಹುಡುಕಿದ್ದ.

“ಕುಂಟ ಹೆಂಗೂ ಏಣಿ ಹತ್ತಲ್ಲ. ಓಣಿ ತಿರುವಿನಲ್ಲಿ ಸೀಸದ ಗೋಡೆ ಹಿಂದೆ ನಿಲ್ಲಿಸ್ರೋ ಅವನನ್ನ. ನಿಮ್ಮ ಮೀಟರೆಲ್ಲಾ ಅವನ ಕೊರಳಿಗೆ ಹಾಕಿ ಹೋಗಿ. ಬರ್ತಾ ಇಸ್ಕೊಳ್ಳಿ.”

ಹೀಗೆ ಶುರುವಾಯಿತು. ಒಳಗೆ ಹೋಗುವವರು ಮೀಟರ್ ಬಿಚ್ಚಿ ತೊರಾಜಿಯ ಕೊರಳಿಗೆ ನೇತುಹಾಕುವರು. ಮೀಟರಿಗೆ ಮಗು ಅಂತ ಹೆಸರು ಬಿತ್ತು. ತೊರಾಜಿ ಆಯಾ ಆದ.

“ಆಯಮ್ಮಾ, ನನ್ನ ಮಗೂನ ಜೋಪಾನವಾಗಿ ನೋಡ್ಕೋ.”

“ನಂದು ಹಟಮಾರಿ. ಅತ್ರೆ ಲಾಲಿ ಹಾಡು.”

“ಮೊಲೆ ಗಿಲೆ ಕೊಡ್ಬೇಡ ಕಣೋ, ಅಭ್ಯಾಸ ಆಗೋಗತ್ತೆ.”

ನಗುತ್ತಾ ಹೋಗುತ್ತಿದ್ದರು. ಒಂದು ತಂಡ ಅಂದರೆ ಹನ್ನೊಂದು ಜನ, ಹನ್ನೊಂದು ಮಕ್ಕಳು. ತೊರಾಜಿ ಕುಂಟುಕಾಲಿನ ಮೇಲೆ ಭಾರ ಬಿಡದೆ ಗೋಡೆಗೆ ಒರಗಿ ನಿಲ್ಲುತ್ತಿದ್ದ. ಮಕ್ಕಳು ಅಳುತ್ತಿರಲಿಲ್ಲ. ಅಲ್ಲಿ ಅಳಿಸುವಂಥದ್ದು ಏನೂ ಇರಲಿಲ್ಲವಲ್ಲ. ಸಂಜೆ ಅವುಗಳ ಅಂಕಿ ನೋಡಿ ಎಲ್ಲರ ಕೈಪುಸ್ತಕದಲ್ಲಿ ಬರೆಯುತ್ತಿದ್ದರು. ಎಲ್ಲರದ್ದೂ ಸೊನ್ನೆಗಿಂತ ಸ್ವಲ್ಪ ಮೇಲೆ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದರು ಅನ್ನುತ್ತಾರೆ. ಇಲ್ಲಿ ಆಳ ನೋಡುವ ಹಗ್ಗವನ್ನೂ ದಡದ ಮೇಲೆಯೇ ಇಟ್ಟುಕೊಂಡಿದ್ದರು.

ಇದಕ್ಕಿಂತ ಕೆಟ್ಟದ್ದು ಆಮೇಲೆ ಆದದ್ದು. ಅವರೇ ನಂಬಿಬಿಟ್ಟರು. ದಿನವೂ ಪುಸ್ತಕದಲ್ಲಿ ಸಣ್ಣ ಅಂಕಿ ನೋಡಿ ನೋಡಿ, ಮೀಟರ್ ತಮ್ಮ ಮೈಮೇಲೆ ಇರಲಿಲ್ಲ ಅನ್ನುವುದನ್ನೇ ಮರೆತರು. ಮಗು ಮಲಗಿದೆ ಅಂದರೆ ಅಪ್ಪ ಕ್ಷೇಮ. ಹೊರಗಿನವರು ಯಾರಾದರೂ ಇಂಥ ತಪ್ಪು ಮಾಡುತ್ತಾರಾ? ಅಲ್ಲಿ ಹತ್ತು ವರ್ಷ ಮೈ ಸುಟ್ಟುಕೊಂಡವರು ಮಾತ್ರ ಮಾಡುತ್ತಾರೆ. ಪ್ರತಿದಿನ ಹೆದರಿಕೊಂಡು ಬದುಕುವುದಕ್ಕೆ ಆಗುವುದಿಲ್ಲ.

ಎಲ್ಲರಿಗಿಂತ ಹೆಚ್ಚು ನಂಬಿದವನು ಗೆನ್‌ಸಾಕು.

ಗೆನ್‌ಸಾಕು ಅಲ್ಲಿಯದೇ ಮೀನುಗಾರ. ಸ್ಥಾವರಕ್ಕೆ ಅಂತ ಊರವರು ಮೀನು ಹಿಡಿಯುವ ಕಡಲು ಕೊಟ್ಟುಬಿಟ್ಟ ಮೇಲೆ ದೋಣಿ ಮಾರಿ ಒಳಗೆ ಸೇರಿದವನು. ತೊರಾಜಿಗಿಂತ ಎರಡು ವರ್ಷ ದೊಡ್ಡವನು. ಅವನ ಹೆಂಡತಿ ಫುಸಾ. ತೊರಾಜಿಯ ಕೇರಿ ಯಾವುದು ಅಂತ ಗೊತ್ತಿದ್ದೂ ತಮ್ಮದೇ ಬಟ್ಟಲಲ್ಲಿ ಅನ್ನ ಹಾಕಿ ಕೊಟ್ಟ ಮನೆ ಆ ಇಡೀ ಕರಾವಳಿಯಲ್ಲಿ ಅದೊಂದೇ. ಮೊದಲ ಸಲ ಊಟಕ್ಕೆ ಕರೆದಾಗ ತೊರಾಜಿ ಬಾಗಿಲಲ್ಲೇ ನಿಂತು, “ನಾನು ಯಾರು ಅಂತ ಗೊತ್ತಾ ಅತ್ತಿಗೆ?” ಅಂದಿದ್ದ. “ಹಸಿದೋನು ಅಂತ ಗೊತ್ತು. ಚಪ್ಪಲಿ ಬಿಟ್ಟು ಒಳಗೆ ಬಾ” ಅಂದಿದ್ದಳು ಫುಸಾ.

ಐದು ವರ್ಷದ ಹಿಂದಿನ ಮಾತು, ಶರತ್ಕಾಲ. ಕೊಳವೆಯೊಂದರ ಬಾಯಿಯ ಬೋಲ್ಟುಗಳನ್ನು ಬಿಗಿಯುವ ಕೆಲಸ. ಗೆನ್‌ಸಾಕು ಒಳಗೆ ಹೋಗಿ ತುಂಬ ಹೊತ್ತಾದ ಮೇಲೆ ತಿರುವಿನವರೆಗೆ ಬಂದ. ಮುಖವಾಡ ಹಣೆಗೆ ಎತ್ತಿದ್ದ. ಮುಖ ಬೇಯಿಸಿದ ಏಡಿಯ ಹಾಗೆ ಕೆಂಪಗಿತ್ತು. ಏದುಸಿರು ಬಿಡುತ್ತಿದ್ದ.

“ಇನ್ನೂ ನಾಲ್ಕು ಬೋಲ್ಟು ಇದೆ ತೊರಾ. ಯಾಕೋ ತಲೆ ತಿರುಗ್ತಿದೆ. ಮಗು ಹೆಂಗಿದಾನೆ?”

ತೊರಾಜಿ ಕೊರಳಿನ ಗೊಂಚಲಿನಲ್ಲಿ ಅವನದನ್ನು ಹುಡುಕಿ ನೋಡಿದ.

“ಗಾಢ ನಿದ್ದೆ ಅಣ್ಣ. ಇನ್ನೊಂದು ಮೂರು ನಿಮಿಷ ಹೋಗಿ ಮುಗಿಸ್ಬಿಡು. ತಡ ಆದ್ರೆ ಎಲ್ಲರೂ ಇಳಿದು ತೊಟ್ಟಿಯ ಸ್ನಾನದ ನೀರು ಕೊಳಕಾಗತ್ತೆ.”

ಗೆನ್‌ಸಾಕು ನಕ್ಕ. ಮುಖವಾಡ ಇಳಿಸಿ ವಾಪಸು ಹೋದ.

ಮೀಟರ್ ಹಿಡಿದುಕೋ ಅಂದವನು ಒನಿಝುಕಾ. ಆದರೆ ಮೂರು ನಿಮಿಷ ಹೋಗು ಅಂತ ಹೇಳು ಅಂತ ತೊರಾಜಿಗೆ ಯಾರೂ ಹೇಳಿರಲಿಲ್ಲ. ಅದು ಅವನದೇ ಬಾಯಿ. ಸ್ನಾನಕ್ಕೆ ಬೇಗ ಹೋಗಬೇಕು ಅನ್ನುವ ಆಸೆಯೂ ಅವನದೇ.

ಗೆನ್‌ಸಾಕು ಈ ವರ್ಷದ ಮಾರ್ಚಿನಲ್ಲಿ ಸತ್ತ. ರಕ್ತದ ಕ್ಯಾನ್ಸರ್. ಒಸಡಿನಲ್ಲಿ, ಮೂಗಿನಲ್ಲಿ ರಕ್ತ. ಕೊನೆಗೆ ಮೂವತ್ತೆಂಟು ಕಿಲೋ. ಸುಟ್ಟ ಮೇಲೆ ಮನೆಯವರು ಇಬ್ಬಿಬ್ಬರು ಸೇರಿ ಕಡ್ಡಿಗಳಲ್ಲಿ ಮೂಳೆ ಎತ್ತಿ ಕುಡಿಕೆಗೆ ಹಾಕಬೇಕು. ಫುಸಾಳ ಜೊತೆ ಕಡ್ಡಿ ಹಿಡಿಯಲು ತೊರಾಜಿಯನ್ನೇ ಕರೆದರು. ಮೂಳೆ ಎತ್ತಿದರೆ ಪುಡಿಪುಡಿಯಾಗಿ ಉದುರುತ್ತಿತ್ತು. ಫುಸಾ ಮತ್ತೆ ಮತ್ತೆ ಎತ್ತಿದಳು, ಅದು ಮತ್ತೆ ಮತ್ತೆ ಉದುರಿತು. ಕೊನೆಗೆ ಅವಳು ಕಡ್ಡಿ ಕೆಳಗಿಟ್ಟು ಕೈಯಿಂದಲೇ ಬಳಿದು ತುಂಬಿದಳು.

ಅಂದಿನಿಂದ ಗೆನ್‌ಸಾಕು ಬರತೊಡಗಿದ. ಕನಸಿನಲ್ಲಿ ಅಲ್ಲ, ಹಾಡಹಗಲಲ್ಲಿ. ಎಲ್ಲಿ ತಿರುವಿದೆಯೋ ಅಲ್ಲಿ ನಿಂತಿರುತ್ತಿದ್ದ. ಕೂಲಿಯವರ ವಸತಿಯ ಮೆಟ್ಟಿಲ ತಿರುವಿನಲ್ಲಿ, ತರಕಾರಿ ಅಂಗಡಿಯ ಸಂದಿಯಲ್ಲಿ, ಸ್ನಾನದ ಮನೆಯ ಹಬೆಯಲ್ಲಿ. ಅದೇ ಬಿಳಿ ಉಡುಪು. ಮುಖವಾಡಕ್ಕೆ ಮಂಜು ಕಟ್ಟಿ ಮುಖ ಕಾಣುತ್ತಿರಲಿಲ್ಲ. ಎರಡೂ ಕೈ ಚಾಚಿ ನಿಂತಿರುತ್ತಿದ್ದ. “ಮಗು ಕೊಡೋ ತೊರಾ.” ಬಯ್ಯುತ್ತಿರಲಿಲ್ಲ. ಬಯ್ದಿದ್ದರೆ ತೊರಾಜಿ ತಡೆದುಕೊಳ್ಳುತ್ತಿದ್ದ. ಅಂಗಡಿಯಲ್ಲಿ ಬಿಟ್ಟ ಕೊಡೆ ಕೇಳುವ ಹಾಗೆ ಮೆತ್ತಗೆ ಕೇಳುತ್ತಿದ್ದ. ತೊರಾಜಿ ಕೊರಳು ಮುಟ್ಟಿ ನೋಡಿಕೊಳ್ಳುತ್ತಿದ್ದ. ಕೊರಳಲ್ಲಿ ಏನೂ ಇರುತ್ತಿರಲಿಲ್ಲ, ಭಾರ ಮಾತ್ರ ಇರುತ್ತಿತ್ತು.

ಪ್ರದರ್ಶನಕ್ಕೆ ಮೂರು ದಿನ ಇದ್ದಾಗ ಫುಸಾ ಅವನ ಕೋಣೆಗೆ ಬಂದಳು. ಕೈಯಲ್ಲಿ ಒಂದು ಲಕೋಟೆ. ಕಾರ್ಮಿಕ ಕಚೇರಿಯಿಂದ ಬಂದದ್ದು. ಗಂಡ ಸತ್ತದ್ದು ಕೆಲಸದಿಂದ ಬಂದ ರೋಗದಲ್ಲಿ ಅಂತ ಬರೆದುಕೊಡಿ ಅಂತ ಅವಳು ಅರ್ಜಿ ಹಾಕಿದ್ದಳು.

“ಓದು” ಅಂದಳು.

“ನೀವೇ ಹೇಳಿ ಅತ್ತಿಗೆ.”

“ಕೈಪುಸ್ತಕದಲ್ಲಿ ಇರೋ ಅಂಕಿ ತೀರಾ ಕಮ್ಮಿಯಂತೆ. ಊರಲ್ಲಿ ಸುಮ್ನೆ ಓಡಾಡ್ಕೊಂಡಿರೋರಿಗೂ ಅಷ್ಟು ಬಡಿಯತ್ತಂತೆ. ಕೆಲಸದಿಂದ ಬಂದ ರೋಗ ಅಲ್ಲವಂತೆ. ಹಣೆಬರಹ ಅಂತ ಬರ್ದಿಲ್ಲ ಅಷ್ಟೆ. ಮೇಲ್ಮನವಿ ಹಾಕೋಕೆ ಇದೇ ಹನ್ನೆರಡನೇ ತಾರೀಖು ಕೊನೆ.”

“ಹೂಂ.”

“ನಮ್ಮನೆಯವ್ರೂ ಅದನ್ನೇ ಹೇಳ್ತಿದ್ರು. ಪುಸ್ತಕ ತೋರ್ಸಿ, ‘ನೋಡೇ ಫುಸಾ, ನನ್ನ ಮೈ ನಿನ್ನ ಪಾತ್ರೆಗಿಂತ ಚೊಕ್ಕಟ’ ಅಂತ ನಗೋರು. ಹಂಗಾದ್ರೆ ಆ ರಕ್ತ ಎಲ್ಲಿಂದ ಬಂತು? ನೀನು ಹನ್ನೆರಡು ವರ್ಷ ಅವ್ರ ಪಕ್ಕದಲ್ಲೇ ಇದ್ದೋನು. ಒಳಗೆ ಏನಾಗ್ತಿತ್ತು ಹೇಳು. ನಿನ್ನ ಬಿಟ್ರೆ ಕೇಳೋಕೆ ನಂಗ್ಯಾರಿದಾರೆ? ಉಳಿದೋರೆಲ್ಲ ಊರೂರು ಸೇರಿದಾರೆ, ಇಲ್ಲಾ ಮಣ್ಣು ಸೇರಿದಾರೆ.”

ತೊರಾಜಿ ಚಾಪೆಯ ಅಂಚನ್ನು ಉಗುರಲ್ಲಿ ಕೆರೆದ. ಮೂಲೆಯಲ್ಲಿ ತೂಗುಹಾಕಿದ್ದ ಹೊಸ ಅಂಗಿ ಅವಳಿಗೆ ಕಾಣದಿರಲಿ ಅಂತ ಆ ಕಡೆಗೇ ಸರಿದು ಕೂತ.

“ನೆನಪಿಲ್ಲ ಅತ್ತಿಗೆ. ಎಲ್ಲರೂ ಮೀಟರ್ ಕಟ್ಕೊಂಡೇ ಹೋಗ್ತಿದ್ವಿ.”

ಫುಸಾ ಲಕೋಟೆಯನ್ನು ಮಡಿಸಿ ಇಟ್ಟುಕೊಂಡಳು. “ಹದಿಮೂರಕ್ಕೆ ಸತ್ತೋರ ಹಬ್ಬ. ಅವ್ರಿಗೆ ಇದು ಮೊದಲನೇದು” ಅಂದಳು. “ಬಿಳಿ ದೀಪ ತಂದಿಟ್ಟಿದೀನಿ. ಸೌತೆಕಾಯಿಗೆ ಕಡ್ಡಿ ಚುಚ್ಚಿ ಕುದುರೇನೂ ಮಾಡ್ತೀನಿ, ಅದನ್ನ ಹತ್ಕೊಂಡು ಬೇಗ ಮನೆಗೆ ಬರ್ಲಿ ಅಂತ. ಬಂದು ಕೂತ್ಕೊಂಡು, ಏನಾಯ್ತೇ ನಂಗೆ ಅಂತ ಕೇಳಿದ್ರೆ ನಾನೇನು ಹೇಳ್ಲಿ?”

ಅವಳು ಹೋದ ಮೇಲೆ ತೊರಾಜಿ ಆ ದಿನ ಊಟ ಮಾಡಲಿಲ್ಲ.

ಮರುದಿನ ಒನಿಝುಕಾ ವಿಚಾರಿಸಿಕೊಳ್ಳಲು ಬಂದ. ಅವನಿಗೆ ಎಲ್ಲ ಸುದ್ದಿಯೂ ತಲುಪುತ್ತಿತ್ತು.

“ಗೆನ್‌ಸಾಕು ಹೆಂಡ್ತಿ ಬಂದಿದ್ಲಂತೆ?”

“ಬಂದಿದ್ರು.”

“ನೋಡು ಕುಂಟ, ನಿನ್ನ ಒಳ್ಳೇದಕ್ಕೆ ಹೇಳ್ತೀನಿ. ಬೇರೆಯೋರ ಮೀಟರ್ ಹಿಡ್ಕೊಳ್ಳೋದು ಕಾನೂನಿಗೆ ವಿರುದ್ಧ. ಹಿಡ್ಕೊಂಡಿದ್ದು ಯಾರು? ನಾನಾ? ನೀನು. ಮಾತು ಹೊರಗೆ ಬಂದ್ರೆ ಮೊದ್ಲು ನಿನ್ನ ಕೊರಳಿಗೇ ಬೀಳತ್ತೆ. ಈ ಕೋಣೆ ಯಾರದ್ದು? ನಂದು. ಉಂಡ ಮನೆಯ ಜಂತೆ ಎಣಿಸಬಾರ್ದು.”

“ಉಂಡಿದ್ದು ನಿನ್ನ ಮನೇಲಲ್ಲ” ಅಂತ ತೊರಾಜಿಯ ಬಾಯಿಗೆ ಬಂತು. ನುಂಗಿಕೊಂಡ. ನುಂಗುವುದು ಅವನಿಗೆ ಹುಟ್ಟಿನಿಂದ ಬಂದ ವಿದ್ಯೆ.

ಹನ್ನೊಂದನೇ ತಾರೀಖು ಎರಡು ಬಸ್ಸುಗಳಲ್ಲಿ ಹೆಂಗಸರು ಬಂದಿಳಿದರು. ಎಂಬತ್ತು ಜನ. ಪ್ರದರ್ಶನ ಮಂದಿರ ಮಂಜುಗಡ್ಡೆಯ ಹಾಗೆ ತಣ್ಣಗಿತ್ತು. ಗೋಡೆಯ ಮೇಲೆ ನಗುವ ಸೂರ್ಯನ ಚಿತ್ರ, ನಗುವ ಮೀನಿನ ಚಿತ್ರ, ಕಾರ್ಮಿಕರಿಗೆ ತಗುಲಿದ ವಿಕಿರಣದ ಸಣ್ಣ ಸಣ್ಣ ಅಂಕಿಗಳ ಪಟ್ಟಿ. ನಡುವೆ ಗಾಜಿನ ಪೆಟ್ಟಿಗೆಯಲ್ಲಿ ಆಳೆತ್ತರದ ಬೊಂಬೆ. ಬಿಳಿ ಉಡುಪು, ಮುಖವಾಡ, ಎದೆಯ ಮೇಲೆ ಮೀಟರ್.

“ನಮ್ಮ ಪ್ರತಿಯೊಬ್ಬ ಕಾರ್ಮಿಕರೂ ಈ ಮೀಟರ್ ಧರಿಸಿಯೇ ಒಳಗೆ ಹೋಗ್ತಾರೆ. ಒಂದು ಕ್ಷಣಾನೂ ತೆಗೆಯೋದಿಲ್ಲ” ಅಂದಳು ವಿವರಿಸುವ ಹುಡುಗಿ. ಅವಳ ತಪ್ಪಿಲ್ಲ. ಅವಳಿಗೆ ಹಾಗೆ ಕಲಿಸಿದ್ದರು.

ತೊರಾಜಿ ಬೊಂಬೆಯನ್ನು ನೋಡಿದ. ಅದರ ಮುಖವಾಡದ ಗಾಜು ಒಳಗಿನಿಂದ ಮಸುಕಾಗುತ್ತಿತ್ತು. ಬೊಂಬೆ ಉಸಿರಾಡುತ್ತದಾ? ಅವನು ಕಣ್ಣು ಒರೆಸಿಕೊಂಡು ಮತ್ತೆ ನೋಡಿದ. ಗಾಜು ಮತ್ತಷ್ಟು ಮಸುಕಾಯಿತು. ಬೊಂಬೆಯ ಎರಡೂ ಕೈ ಸೊಂಟದ ಪಕ್ಕದಲ್ಲಿದ್ದವು. ಇವನು ನೋಡುತ್ತಿದ್ದ ಹಾಗೆ ಅವು ಮುಂದಕ್ಕೆ ಬಂದವು.

“ಈಗ ನಮ್ಮ ಹಿರಿಯರು ಮಾತಾಡ್ತಾರೆ” ಅಂದ ಮಿನೆಗಿಶಿ. ಮೈಕು ಕೈಗೆ ಬಂತು.

ತೊರಾಜಿ ಕಲಿಸಿದ್ದನ್ನು ಹೇಳಿದ. ಹದಿನೇಳು ವರ್ಷ ಒಳಗೆ ಕೆಲಸ ಮಾಡಿದೆ. ನನಗೆ ಏನೂ ಆಗಿಲ್ಲ. ಹೇಳುವಾಗ ಬೊಂಬೆಯ ಕಡೆ ನೋಡಲಿಲ್ಲ. ಕೆಲವರು ಚಪ್ಪಾಳೆ ತಟ್ಟಿದರು. ಮಿನೆಗಿಶಿ ಮೈಕಿಗೆ ಕೈ ಚಾಚಿದ. ಅಷ್ಟರಲ್ಲಿ ಮೂರನೇ ಸಾಲಿನಿಂದ ಒಬ್ಬಳು ಎದ್ದು ನಿಂತಳು. ನಲವತ್ತರ ಹೆಂಗಸು, ಬಿಸಿಲಿಗೆ ಕಪ್ಪಾದ ಮುಖ, ಮೀನು ಸೀಳಿ ಸೀಳಿ ಗಾಯದ ಗೆರೆ ಬಿದ್ದ ಬೆರಳು.

“ಅಜ್ಜ, ಒಂದು ಮಾತು ಕೇಳ್ಲಾ? ನಮ್ಮನೆಯೋರು ಮೀನು ಹಿಡಿಯೋರು. ಈಗ ಯಾರೂ ಕೊಳ್ತಿಲ್ಲ. ಈ ಸಲ ಸ್ಥಾವರ ತೊಳೆಯೋಕೆ ಬಾ ಅಂತ ಮೇಸ್ತ್ರಿ ಕರೀತಿದಾರೆ. ನಂಗೆ ಭಯ. ಈ ಕೋಟಿನೋರು ಹೇಳೋದನ್ನ ನಾನು ನಂಬಲ್ಲ, ಅವ್ರ ಮುಖದ ಮೇಲೇ ಹೇಳ್ತಿದೀನಿ. ನೀವು ನಮ್ಮಂಥೋರು. ನೀವು ಹೇಳಿ. ಕಳಿಸ್ಲಾ?”

ಮಿನೆಗಿಶಿ ನಕ್ಕು ತಲೆಯಾಡಿಸಿದ. ಕಳಿಸಿ ಅನ್ನಿ, ಅಷ್ಟೇ ಅನ್ನುವ ಹಾಗೆ.

ತೊರಾಜಿಯ ಬಾಯಿ ತೆರೆಯಿತು. ಮೂರು ನಿಮಿಷ ಹೋಗು ಅಂದ ಬಾಯಿ. ಅವನಿಗೆ ಸ್ನಾನದ ಮನೆಯ ವಾಸನೆ ಬಂತು.

“ಕಳಿಸ್ಬೇಡಮ್ಮ” ಅಂದ.

ಮಿನೆಗಿಶಿ ಮೈಕಿನ ಕಡೆ ಒಂದು ಹೆಜ್ಜೆ ಇಟ್ಟ.

“ನಂಗೇನೂ ಆಗಿಲ್ಲ, ನಿಜ. ಯಾಕೆ ಆಗಿಲ್ಲ ಗೊತ್ತಾ? ನಾನು ಒಳಗೆ ಇರಲಿಲ್ಲ. ಸೀಸದ ಗೋಡೆ ಹಿಂದೆ ನಿಂತಿದ್ದೆ. ಹನ್ನೊಂದು ಜನರ ಮೀಟರ್ ನನ್ನ ಕೊರಳಲ್ಲಿರ್ತಿತ್ತು. ಅವ್ರ ಮೈ ಒಳಗೆ ಬೇಯ್ತಿತ್ತು. ಮೀಟರ್ ಹೊರಗೆ ನನ್ನ ಹತ್ರ ತಣ್ಣಗಿರ್ತಿತ್ತು. ಆ ತಣ್ಣಗಿರೋ ಅಂಕೀನೇ ಬರ್ಕೊಂಡ್ರು. ನಿಮಗೆ ಇವತ್ತು ತೋರ್ಸಿದ್ದೂ ಅದೇ ಅಂಕಿ.”

ಮಿನೆಗಿಶಿ ಕೈ ಬೀಸಿದ. ಯಾರೋ ಮೈಕಿನ ತಂತಿ ಎಳೆದರು. ಎಳೆದರೆ ಏನಾಯಿತು? ಗಣಿಯೊಳಗೆ ಇನ್ನೂರು ಅಡಿ ದೂರಕ್ಕೆ ಕೂಗಿ ಪಳಗಿದ ಗಂಟಲು ಅದು.

“ಗೆನ್‌ಸಾಕು ಅಂತ ಒಬ್ಬ. ಇದೇ ಊರಿನೋನು. ತಲೆ ತಿರುಗ್ತಿದೆ ಅಂದ. ನಾನು ಮೀಟರ್ ನೋಡಿ, ಏನಿಲ್ಲ ಹೋಗು ಅಂದೆ. ಹೋದ. ಮಾರ್ಚಿನಲ್ಲಿ ಸತ್ತ. ನಾನು ಗಟ್ಟಿಯಾಗಿದೀನಲ್ಲ, ಅದು ಸ್ಥಾವರದ ಪುಣ್ಯ ಅಲ್ಲ. ಅವ್ನು ಸತ್ತಿದ್ದಕ್ಕೆ ನಾನು ಹಿಂಗಿದೀನಿ. ನನ್ನ ನೋಡಿ ನಂಬಬೇಡಿ. ನನ್ನನ್ನ ಮಾತ್ರ ನಂಬಲೇಬೇಡಿ.”

ಒನಿಝುಕಾ ಓಡಿಬಂದು ಅವನ ರಟ್ಟೆ ಹಿಡಿದ. ಹೆಂಗಸರ ಎದುರು ಹೊಡೆಯುವಂತಿರಲಿಲ್ಲ. ಹಿಂದಿನ ಕೋಣೆಗೆ ಎಳೆದೊಯ್ದು ಅಂಗಿಯ ಗುಂಡಿಗಳನ್ನು ಕಿತ್ತ. “ಬಿಚ್ಚೋ. ಕೇರಿ ಬುದ್ಧಿ ಎಲ್ಲಿ ಹೋಗತ್ತೆ? ಚಕ್ಕಳ ಕೆರೆಯೋರ ಮಗ” ಅಂದ. ಹದಿನೇಳು ವರ್ಷದ ಹಿಂದೆ ಯಾರೂ ಕೇಳುವುದಿಲ್ಲ ಅಂದವನೇ ಅವನು. ಇಷ್ಟು ದಿನ ಆ ಮಾತನ್ನು ನಾಲಗೆ ಕೆಳಗೆ ಇಟ್ಟುಕೊಂಡಿದ್ದ.

“ಹೌದು, ಅವರ ಮಗ” ಅಂದ ತೊರಾಜಿ. “ಅಂಗಿ ತಗೋ.”

ಒಳಗಿನ ಬನಿಯನ್ನಿನಲ್ಲೇ ಹೊರಗೆ ಬಂದ. ಹೆಂಗಸರು ಬಸ್ಸು ಹತ್ತುತ್ತಿದ್ದರು. ಎಲ್ಲರಿಗೂ ಸಿಟ್ಟು ಬಂದಿರಲಿಲ್ಲ. ಕೆಲವರು ಊಟದ ಡಬ್ಬಿ ಹಿಡಿದು ತಲೆ ತಗ್ಗಿಸಿದ್ದರು. ಒಬ್ಬಳು, “ಕುಡಿದು ಬಂದಿದಾನೇನೋ” ಅಂದಳು. ಪ್ರಶ್ನೆ ಕೇಳಿದ ಹೆಂಗಸು ಮಾತ್ರ ತನ್ನ ಸೋಪಿನ ಪೊಟ್ಟಣವನ್ನು ಮಿನೆಗಿಶಿಯ ಕೈಗೆ ವಾಪಸು ಕೊಟ್ಟು, ತೊರಾಜಿಯ ಕಡೆ ಒಮ್ಮೆ ಸೊಂಟ ಬಗ್ಗಿಸಿ ಬಸ್ಸು ಹತ್ತಿದಳು. ಅವನಿಗೆ ಆ ಮರ್ಯಾದೆ ಬೇಕಾಗಿರಲಿಲ್ಲ. ಹೇಳಬೇಕಾದವರಿಗೆ ಅವನು ಇನ್ನೂ ಹೇಳಿರಲಿಲ್ಲ.

ಸಂಜೆ ಫುಸಾಳ ಮನೆಗೆ ಹೋದ. ಅವಳು ಬಾಗಿಲಲ್ಲಿ ಬಿಳಿ ದೀಪ ತೂಗುಹಾಕುತ್ತಿದ್ದಳು. ಒಳಗೆ ಗೆನ್‌ಸಾಕುವಿನ ಪಟ, ಎದುರಿಗೆ ಊದಿನಕಡ್ಡಿ. ತೊರಾಜಿ ಚಪ್ಪಲಿ ಬಿಡದೆ ಹೊಸ್ತಿಲಾಚೆಯೇ ಮಂಡಿಯೂರಿ ಕೂತ. ಎಲ್ಲ ಹೇಳಿದ. ಮಗು, ಆಯಾ, ಓಣಿಯ ತಿರುವು, ಸೀಸದ ಗೋಡೆ. ಮೂರು ನಿಮಿಷ.

ಫುಸಾ ದೀಪ ಹಿಡಿದುಕೊಂಡೇ ಕೇಳಿದಳು.

“ತಲೆ ತಿರುಗ್ತಿದೆ ಅಂದ್ರಾ?”

“ಅಂದ.”

“ನೀನು ಹೋಗು ಅಂದೆ.”

“ಅಂದೆ ಅತ್ತಿಗೆ.”

“ಯಾಕೆ?”

“ಸ್ನಾನಕ್ಕೆ ತಡ ಆಗತ್ತೆ ಅಂತ.”

ಅವಳು ದೀಪ ಕೆಳಗಿಟ್ಟಳು. ಅವನ ಕೆನ್ನೆಗೆ ಹೊಡೆದಳು. ಮತ್ತೆ ಹೊಡೆದಳು. ಅರವತ್ತು ವರ್ಷದ ಹೆಂಗಸಿನ ಕೈ, ಬಲೆ ಎಳೆದ ಕೈ. ಅವನ ತುಟಿ ಒಡೆಯಿತು. ಅವನು ಮುಖ ತಿರುಗಿಸಲಿಲ್ಲ. ಕೈ ಸೋತ ಮೇಲೆ ಅವಳು ಹೊಸ್ತಿಲ ಮೇಲೆ ಕೂತು ಅತ್ತಳು. ಗಂಡ ಸತ್ತ ದಿನವೂ ಹಾಗೆ ಅತ್ತಿರಲಿಲ್ಲ.

“ಮೊನ್ನೆ ಕೇಳಿದಾಗ ಸುಳ್ಳು ಹೇಳ್ದೆ.”

“ಹೇಳ್ದೆ.”

“ನಿನ್ನನ್ನ ಕ್ಷಮಿಸಲ್ಲ ನಾನು. ಸಾಯೋವರ್ಗೂ ಕ್ಷಮಿಸಲ್ಲ. ತಿಳೀತಾ?”

“ಹೂಂ.”

“ನಾಳೆ ಎಂಟೂವರೆಗೆ ಬಸ್ಸು. ಕಾರ್ಮಿಕ ಕಚೇರಿಗೆ. ತಪ್ಪಿಸ್ಕೊಂಡ್ರೆ ಎಲ್ಲಿದ್ರೂ ಬಂದು ಎಳ್ಕೊಂಡು ಹೋಗ್ತೀನಿ.”

ಅವನ ಸಾಮಾನುಗಳನ್ನು ಒನಿಝುಕಾ ಆಗಲೇ ಬೀದಿಗೆ ಹಾಕಿಸಿದ್ದ. ತೊರಾಜಿ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತೇ ಬೆಳಗು ಮಾಡಿದ. ಎದುರು ರಸ್ತೆಯ ತಿರುವಿನಲ್ಲಿ ಗೆನ್‌ಸಾಕು ನಿಂತಿದ್ದ. ಹೇಳಿಬಿಟ್ಟರೆ ಹೋಗುತ್ತಾನೆ ಅಂತ ತೊರಾಜಿ ಅಂದುಕೊಂಡಿದ್ದ. ಅವನು ಹೋಗಲಿಲ್ಲ. ಕೈ ಚಾಚಿಕೊಂಡೇ ನಿಂತಿದ್ದ.

ಕಾರ್ಮಿಕ ಕಚೇರಿಯ ಗುಮಾಸ್ತ ತೆಳ್ಳಗಿನ ಮನುಷ್ಯ. ಒಳ್ಳೆಯವನೂ ಅಲ್ಲ, ಕೆಟ್ಟವನೂ ಅಲ್ಲ. ತೊರಾಜಿ ಹೇಳಿದ್ದನ್ನೆಲ್ಲ ಬರೆದುಕೊಳ್ಳದೆ ಕೇಳಿದ. ಆಮೇಲೆ ದನಿ ತಗ್ಗಿಸಿ ಹೇಳಿದ:

“ನೋಡಿ, ಇದನ್ನ ಬರ್ಕೊಂಡ್ರೆ ಬೇರೆಯೋರ ಮೀಟರ್ ಇಟ್ಕೊಂಡೋರು ನೀವು ಅಂತಾಗತ್ತೆ. ಅಪರಾಧ ನಿಮ್ಮ ತಲೆ ಮೇಲೆ ಬರತ್ತೆ. ಕಂಪನಿ ನಮಗೇನೂ ಗೊತ್ತಿಲ್ಲ ಅನ್ನತ್ತೆ. ಯೋಚ್ನೆ ಮಾಡಿ. ಮನೆಗೆ ಹೋಗಿ ನಿಧಾನವಾಗಿ ಯೋಚ್ನೆ ಮಾಡ್ಕೊಂಡು ಬನ್ನಿ.”

“ಕೊನೇ ದಿನ ಇವತ್ತು” ಅಂದಳು ಫುಸಾ.

“ಅಪರಾಧ ನಂದೇ” ಅಂದ ತೊರಾಜಿ. “ಬರ್ಕೊಳ್ಳಿ. ಮೊದಲು ನನ್ನ ಹೆಸರು. ಉರಾಮೊತೊ ತೊರಾಜಿ. ಅದರ ಕೆಳಗೆ ನಿಲ್ಲಿಸಿದೋನ ಹೆಸರು. ಅದರ ಕೆಳಗೆ ಅವನಿಗೆ ಬೇಗ ಮುಗ್ಸು ಅಂತ ಹೇಳಿದೋರು, ಒಬ್ಬೊಬ್ಬರಾಗಿ, ಮೇಲಿನವರೆಗೂ. ನನಗೆ ಗೊತ್ತಿರೋ ಅಷ್ಟೂ ಹೆಸರು ಹೇಳ್ತೀನಿ. ಆಮೇಲೆ ಒಳಗೆ ಹೋದೋರ ಹೆಸರು.”

“ಅರ್ಜಿ ಇರೋದು ಒಬ್ಬರದ್ದು.”

“ಹೋದೋರು ಒಬ್ಬರಲ್ಲ. ಇಸೆಝಾಕಿ, ಅಕಿಟಾ ಕಡೆಯೋನು, ಮೂರು ವರ್ಷದ ಹಿಂದೆ ಹೊಟ್ಟೆ ಕ್ಯಾನ್ಸರಲ್ಲಿ ಹೋದ. ಕುವಾಬಾರಾ, ನಮ್ಮ ಗಣಿಯೋನು, ಹಲ್ಲೆಲ್ಲಾ ಉದುರಿ ಊರಿಗೆ ಹೋದ, ಬದುಕಿದಾನೋ ಇಲ್ವೋ. ತಾತೆವಾಕಿ ಅಣ್ಣತಮ್ಮ ಇಬ್ಬರು.”

ಗುಮಾಸ್ತ ಕೈ ಅಡ್ಡ ಹಿಡಿದ. “ಇದಕ್ಕೆಲ್ಲ ಅವರ ಮನೆಯೋರು ಬರ್ಬೇಕು. ಅವರೆಲ್ಲಿದಾರೆ? ಯಾರು ಹುಡುಕ್ತಾರೆ ಅವರನ್ನ?”

ಫುಸಾ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

“ನಾನು ಹುಡುಕ್ತೀನಿ” ಅಂದಳು. “ನೀವು ಬರೀರಿ.”

ಗುಮಾಸ್ತ ಪೆನ್ನು ತೆಗೆದುಕೊಂಡ.